ಮರಿ ಹುಡುಕಲು ಹೋದವರು

ಜಯಶೀಲಾಳ ನಾಲ್ಕನೇ ತರಗತಿಯ ಮಕ್ಕಳು ಗಡಗಡ ಓದುತ್ತಿದ್ದರು, ಏನು ಓದಿದಿರಿ ಎಂದರೆ ತಲೆ ತಗ್ಗಿಸುತ್ತಿದ್ದರು. ಅದಕ್ಕೇ ಅವಳು ಹೊಸ ದಾರಿ ಹಿಡಿದಳು: ಒಂದು ಪುಟದ ಕಥೆ, ಅದರೊಳಗೊಂದು ಬಿಡಿಸಬೇಕಾದ ಸಮಸ್ಯೆ. ಉತ್ತರ ಹೇಳುವವರು ಕಥೆಯ ಸಾಲನ್ನೇ ತೋರಿಸಬೇಕು. ಜವನಗೊಂಡನಹಳ್ಳಿ ಬಳಿಯ ಆ ಪುಟ್ಟ ಶಾಲೆಯಲ್ಲಿ ಮಕ್ಕಳು ಮೈಮರೆತು ಓದತೊಡಗಿದರು.

ಹಾಜರಿ ಕರೆಯುವಾಗ ಕೊನೆಯ ಹೆಸರಾದ ಮೇಲೂ ಇನ್ನೊಂದು ದನಿ ಕೇಳಿದಂತಾಗಿ ಅವಳು ಎಷ್ಟೋ ಸಲ ತಲೆ ಎತ್ತುತ್ತಿದ್ದಳು. ಆ ಶನಿವಾರವೂ ಹಾಗಾಯಿತು. ಹಿಂದಿನ ದಿನ ಹೊಸ ಕಥೆಗೆಂದು ಕೂತವಳು ತಡೆಯಲಾರದೆ ಬರೆದುಬಿಟ್ಟಿದ್ದನ್ನೇ ಅಂದು ಹಂಚಿದಳು.

'ಮಂಗಳಾ ಕುರಿಮರಿ ಹುಡುಕಲು ಹೋದವಳು ತಿರುಗಿ ಬರಲಿಲ್ಲ. ಅವಳ ಗೆಳತಿ ಸಂಜೆ ಮನೆಗೆ ಬಂದು, ಒದ್ದೆ ಲಂಗ ಬದಲಿಸಿ, ಮುದ್ದೆ ಉಂಡು ಮಲಗಿದಳು. ಮಳೆ ಬಂದು ತಿಂಗಳಾಗಿತ್ತು. ಚಿರತೆ ಒಯ್ದಿದೆ ಎಂದು ಜನ ಮೂರು ದಿನ ಗುಡ್ಡ ಹುಡುಕಿದರು. ನಾಲ್ಕನೇ ದಿನ ಮಂಗಳಾ ಕಲ್ಲು ಕ್ವಾರಿಯ ನೀರಲ್ಲಿ ಸಿಕ್ಕಳು. ಜನ ಮೊದಲೇ ಅಲ್ಲಿಗೆ ಯಾಕೆ ಹೋಗಲಿಲ್ಲ?'

"ಚಿರತೆ ಅಂದ್ಕಂಡಿದ್ರು ಮಿಸ್," ಎಂದ ತಿಪ್ಪೇಶ.

ಹುಲಿಗೆಮ್ಮ ಎಂಬ ಹುಡುಗಿ ಎರಡನೇ ಸಾಲಿನ ಮೇಲೆ ಬೆರಳಿಟ್ಟಳು. "ಮಳೆ ಇಲ್ಲ ಅಂತ ಐತೆ. ಲಂಗ ಒದ್ದೆ ಹೆಂಗಾತು? ಗೆಳತಿನೂ ನೀರತ್ರ ಹೋಗಿದ್ಲು. ಅವ್ಳಿಗೆ ಗೊತ್ತಿತ್ತು ಮಿಸ್, ಹೇಳ್ಲಿಲ್ಲ."

ಮೂವತ್ತು ವರ್ಷ ಯಾರೂ ಜಯಶೀಲಾಳನ್ನು ಕೇಳದ ಪ್ರಶ್ನೆ ಅದು.

"ಸರಿಯಾದ ಉತ್ತರ," ಎಂದಳು. ಮಕ್ಕಳು ಚಪ್ಪಾಳೆ ತಟ್ಟಿದರು.

ಮರುದಿನವೇ ಅವಳು ತನ್ನ ಹುಟ್ಟೂರಿಗೆ ಬಸ್ಸು ಹತ್ತಿದಳು. ಮಂಗಳಾಳ ತಾಯಿ ಈರಕ್ಕ ಜಗಲಿಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ನಿಂತುಕೊಂಡೇ ಜಯಶೀಲಾ ಎಲ್ಲ ಹೇಳಿದಳು: ಮಂಗಳಾ ಜಾರಿದ್ದು, ತಾನು ಮಂಡಿಯುದ್ದ ನೀರಿಗಿಳಿದು ಹೆದರಿ ಓಡಿದ್ದು.

"ಮೂರು ದಿನ ಅವ್ಳ ಹೆಸ್ರಿಡ್ದು ಕೂಗಿದ್ನಲ್ಲ, ಕೇಳುಸ್ತಾ ನಿಂಗೆ?"

"ಕೇಳುಸ್ತು ದೊಡ್ಡಮ್ಮ. ಈಗ್ಲೂ ಕೇಳುಸ್ತೈತೆ."

ಈರಕ್ಕ ಬೈಯಲೂ ಇಲ್ಲ, ಅಳಲೂ ಇಲ್ಲ.

"ಬೀಳಾಕ್ಮುಂಚೆ ಅಳ್ತಿದ್ಲಾ?"

"ಇಲ್ಲ, ನಗ್ತಿದ್ಲು. ಮರಿ ಕಾಣ್ತು ಅಂತ."

ಮುದುಕಿ ಮೊರವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು.

"ಕುಂತ್ಕ. ಮೊದ್ಲಿಂದ ಹೇಳು. ಏನೂ ಬಿಡಬ್ಯಾಡ."