ಎಡಗಡೆಯ ಜಾಗ

"ನೀನು ಹೋಗು, ನಾನಿಲ್ಲೇ ನಿಂತಿರ್ತೀನಿ" ಎಂದು ಅವಳು ಮಗಳ ಕೈ ಬಿಡಿಸಿಕೊಂಡಳು.

ಒಳಗೆ, ಬಿದಿರು ಸಂಗ್ರಹಾಲಯದ ದೊಡ್ಡ ಕೋಣೆಯಲ್ಲಿ, ಅವಳ ಗಂಡನನ್ನು ಕೊನೆಯ ದರ್ಶನಕ್ಕೆ ಮಲಗಿಸಿದ್ದರು. ಊರೆಲ್ಲ ಅವನನ್ನು ಬಿದಿರಣ್ಣ ಎನ್ನುತ್ತಿತ್ತು. ಇಲ್ಲಿ ಕಾವಲಿಗೂ ಅವನೇ, ಮುರಿದ ಬುಟ್ಟಿ ಏಣಿಗಳನ್ನು ಕಟ್ಟುವುದಕ್ಕೂ ಅವನೇ. ಬಂದವರೆಲ್ಲ ಅವನ ಕೈಗುಣವನ್ನು, ಒಣ ತಮಾಷೆಗಳನ್ನು ನೆನೆಯುತ್ತಿದ್ದರು. ಹೆಂಡತಿ ಮಾತ್ರ ಈ ಕಟ್ಟಡಕ್ಕೆ ಕಾಲಿಡುವುದಿಲ್ಲವೆಂದು ಹಟ ಹಿಡಿದವಳು.

"ಇವತ್ತೂ ಮುನಿಸೇನಮ್ಮ?" ಎಂದಳು ಮಗಳು.

ಮುನಿಸೇ. ಆದರೆ ಅವನನ್ನು ನೋಡದೆ ಕಳಿಸುವುದು ಹೇಗೆ?

*

ಮದುವೆಯಾದ ಹೊಸತರಲ್ಲಿ ಅವನು ಇಬ್ಬರು ಕೂರುವ ಬಿದಿರಿನ ಬೆಂಚೊಂದನ್ನು ಹೆಣೆದಿದ್ದ. ಎಡಗಡೆ ಅವಳದು, ಬಲಗಡೆ ಅವನದು. ಹೊಸ ಹೆಣಿಗೆ ಕೂತಾಗಲೆಲ್ಲ ಕಿರುಗುಟ್ಟುತ್ತದೆ. ಕೂತು ಕೂತು ಪಳಗಿದ ಮೇಲೆಯೇ ಬಾಯಿ ಮುಚ್ಚುವುದು. ಅಷ್ಟರೊಳಗೆ ಸಂಗ್ರಹಾಲಯದವರು ಬಂದು ಹೊಗಳಿದರು. ಉಬ್ಬಿಹೋದ ಮಹಾರಾಯ ಹೆಂಡತಿಯನ್ನು ಒಂದು ಮಾತೂ ಕೇಳದೆ ಅದನ್ನು ಕೊಟ್ಟೇಬಿಟ್ಟ.

"ಇನ್ನೊಂದು ಹೆಣೀತೀನಿ ಕಣೇ."

"ನನ್ನ ಜಾಗಾನೇ ಕೊಟ್ಬಿಟ್ರಲ್ಲ. ಇನ್ನೊಂದು ತಗೊಂಡು ಏನ್ಮಾಡ್ಲಿ?"

ಆಮೇಲೆ ಜೀವಕ್ಕೆ ಜೀವವಾಗಿಯೇ ಬಾಳಿದರು. ಬೆಂಚಿನ ವಿಷಯಕ್ಕೆ ಮಾತ್ರ ಅವಳು ಜಗ್ಗಲಿಲ್ಲ. ಸಂಜೆ ಅವನು ಸಂಗ್ರಹಾಲಯದಿಂದ ತಡವಾಗಿ ಬರುತ್ತಿದ್ದ. ಕೇಳಿದರೆ, ಬಾಗಿಲು ಕಿಟಕಿ ಹಾಕಿ ಬರಬೇಡವೇ ಎನ್ನುತ್ತಿದ್ದ.

*

ಒಳಗೆ ಹೋಗಿ ಅವನ ಹಣೆ ಮುಟ್ಟಿದಳು. ಅಲ್ಲೇ ನೆಲದ ಮೇಲೆ ಕೂರಲು ಹೋದಳು. ಸಂಗ್ರಹಾಲಯದ ಮುಖ್ಯಸ್ಥೆ ಗಡಿಬಿಡಿಯಲ್ಲಿ ಗೋಡೆ ಬದಿಯ ಬೆಂಚಿಗೆ ಅಡ್ಡ ಕಟ್ಟಿದ್ದ ಹಗ್ಗ ಬಿಚ್ಚಿ, 'ಕೂರಬಾರದು' ಎಂಬ ಫಲಕವನ್ನು ಬದಿಗಿಟ್ಟಳು.

"ಕೂತ್ಕೊಳ್ಳಿ ಅಮ್ಮ. ಇದರ ಮೇಲೆ ಯಾರನ್ನೂ ಕೂರೋಕೆ ಬಿಡ್ತಿರಲಿಲ್ಲ ಅವರು."

ಅವಳು ಎಡಗಡೆ ಕೂತಳು. ಮನೆಯಲ್ಲಿದ್ದಾಗಿನಂತೆಯೇ ಕಿರ್ರೆಂದಿತು. ಆಸರೆಗೆಂದು ಪಕ್ಕಕ್ಕೆ ಕೈಯೂರಿದಳು. ಬಲಗಡೆಯ ಹೆಣಿಗೆ ಸವೆದು ನುಣುಪಾಗಿತ್ತು, ಒಬ್ಬರು ಕೂರುವಷ್ಟು ತಗ್ಗಾಗಿತ್ತು. ಎಷ್ಟು ಒತ್ತಿದರೂ ಸದ್ದಿಲ್ಲ.

"ಬಾಗಿಲು ಹಾಕ್ತಿದ್ರಂತೆ, ಬಾಗಿಲು. ಕಳ್ಳ ಮುದುಕ" ಎಂದಳು. ನಗು ಬಂತು, ಅದರ ಹಿಂದೆಯೇ ಬೆಳಗಿನಿಂದ ಬಾರದಿದ್ದ ಅಳು ಬಂತು. ಮುಖ್ಯಸ್ಥೆ ಏನಾಯಿತೆಂದು ಕೇಳಿದಳು. ಅವಳು ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಮಗಳು ಬಂದು ಬಲಗಡೆ ಕೂರಲು ಹೋದಳು. ತಾಯಿ ಅವಳ ಸೆರಗು ಹಿಡಿದು ತಡೆದಳು. ತಾನು ಮುದುರಿಕೊಂಡು ಎಡಗಡೆಯಲ್ಲೇ ಜಾಗ ಮಾಡಿಕೊಟ್ಟಳು. ಇಬ್ಬರ ಭಾರಕ್ಕೆ ಬಿದಿರು ಜೋರಾಗಿ ಕಿರುಗುಟ್ಟಿತು.