ಪಾಕ ನೋಡುವ ಬೆರಳು

ನನ್ನ ಮೈದುನ ಸರ್ಜೇರಾವನಿಗೆ ಇದ್ದದ್ದು ಒಂದೇ ಆಸೆ. ಅಣ್ಣ ಆಲೆಮನೆಯ ಕೊಪ್ಪರಿಗೆ ಬಿಟ್ಟು ಏಳಬೇಕು, ಆ ಜಾಗದಲ್ಲಿ ತಾನು ಕೂರಬೇಕು. ಕೊಲ್ಹಾಪುರದ ಸುತ್ತಿನ ನಮ್ಮ ಕರವೀರ ಕಡೆ ಬೆಲ್ಲದ ಹದ ಹಿಡಿಯುವವನಿಗಿರುವ ಮರ್ಯಾದೆ ಆಲೆಮನೆಯ ಮಾಲೀಕನಿಗೂ ಇಲ್ಲ. ನನ್ನ ಗಂಡ ಜೋತಿರಾಮ ಕುದಿಯುವ ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, 'ಇಳಸ್ರಿ' ಅಂದರೆ ಮಾತ್ರ ಕೊಪ್ಪರಿಗೆ ಇಳಿಯುತ್ತದೆ. ಅವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಊರೆಲ್ಲ ಮರುಗಿತು. ಸರ್ಜೇರಾವ ಮಾತ್ರ ಕೊಲ್ಹಾಪುರಕ್ಕೆ ಹೋಗಿ ಸಕ್ಕರೆ ನೋಡುವ ಮಶೀನು ತಂದ. ಅಣ್ಣನ ಮೇಲಿನ ಪ್ರೀತಿಗೆ ತಂದ ಎಂದು ನಂಬಲು ನಾನೇನು ಕಿವಿಯ ಮೇಲೆ ಹೂವು ಇಟ್ಟುಕೊಂಡಿಲ್ಲ.

ಆ ದಿನ ನಾನು ಭಾಕರಿ ರೊಟ್ಟಿಯ ಡಬ್ಬಿ ಹಿಡಿದು ಆಲೆಮನೆಗೆ ಹೋಗುವಷ್ಟರಲ್ಲಿ ಅವನ ಕಾರಭಾರು ಮುಗಿದಿತ್ತು. ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ತಾನೂಬಾಯಿ ಬಾಗಿಲಲ್ಲೇ ಎಲ್ಲ ಹೇಳಿದಳು. ನನ್ನ ಗಂಡ ಪಾಕ ನೋಡುತ್ತಿದ್ದಾಗಲೇ ಸರ್ಜೇರಾವ ಅದೇ ಕೈ ಹಿಡಿದು, ಅದೇ ಬೆರಳಿಗೆ ಚುಚ್ಚಿದ್ದಾನೆ. 'ಐನೂರಾ ಹನ್ನೆರಡು' ಎಂದು ಎಲ್ಲರಿಗೂ ಕೇಳುವಂತೆ ಓದಿದ್ದಾನೆ. ಇನ್ಸುಲಿನ್ ಸೂಜಿ ಎಂದಿಗಿಂತ ಜಾಸ್ತಿ ಹಾಕಿ, 'ಇಷ್ಟ ಸಕ್ಕರಿ ಇದ್ದಾಗ ಊಟ ಬ್ಯಾಡ' ಎಂದು ಅಣ್ಣನನ್ನು ಮೂಲೆಗೆ ಕೂರಿಸಿ, ಕೊಪ್ಪರಿಗೆ ತಾನೇ ಇಳಿಸಿದ್ದಾನೆ.

ಒಳಗೆ ಹೋದರೆ ಗಂಡ ಬೆವರಿನಲ್ಲಿ ತೊಯ್ದು ಕೂತಿದ್ದ. ಕೈ ನಡುಗುತ್ತಿತ್ತು. ನನ್ನನ್ನು ನೋಡಿ, "ಯಾರವ್ವಾ ನೀ?" ಎಂದ.

ಸರ್ಜೇರಾವ ಇನ್ನೊಂದು ಸೂಜಿ ತುಂಬುತ್ತಿದ್ದ. "ವೈನಿ, ಆಚೆ ಸರೀರಿ. ಸಕ್ಕರಿ ತಲಿಗೆ ಏರೇತಿ. ಈಗಷ್ಟ ಮತ್ತ ನೋಡೇನಿ, ಇನ್ನೂ ನಾಕನೂರಾ ತೊಂಬತ್ತ ಐತಿ."

"ಭಾವೋಜಿ, ಕೈ ತೊಳಸಿ ನೋಡೀರೇನ?" ಎಂದು ಮೈದುನನನ್ನು ಕೇಳಿದೆ.

"ಮಶೀನಿಗೆ ರಕ್ತ ಬೇಕ್ರಿ, ನೀರಲ್ಲ."

ದವಾಖಾನೆಯಲ್ಲಿ ನರ್ಸು ಇದನ್ನೇ ಬಿಡಿಸಿ ಹೇಳುವಾಗ ಈ ಮಹಾಶಯ ಹೊರಗೆ ತಂಬಾಕು ತಿಕ್ಕುತ್ತಿದ್ದ. ಮಶೀನಿಗೆ ಸಿಕ್ಕಿಸುವ ಆ ಪಟ್ಟಿ ಹನಿಯನ್ನು ಹೀರಿಕೊಂಡು ಅದರಲ್ಲಿರುವ ಸಕ್ಕರೆ ಅಳೆಯುತ್ತದೆ, ಅಷ್ಟೇ. ರಕ್ತದ್ದೋ ಬೆರಳಿಗೆ ಅಂಟಿದ್ದೋ ಎಂದು ವಿಚಾರಿಸುವುದಿಲ್ಲ. ಅದಕ್ಕೇ ಕೈ ತೊಳೆದು ಒರೆಸಿ ಚುಚ್ಚಬೇಕು. ನನ್ನ ಗಂಡನ ಬೆರಳ ಮೇಲೆ ಪಾಕ ಒಣಗಿ ಹೊಳೆಯುತ್ತಿತ್ತು.

"ಸೂಜಿ ಕೆಳಗ ಇಡ್ರಿ."

"ನೀವು ಒಲಿ ಮುಂದಿನ ಕೆಲಸ ನೋಡ್ರಿ, ವೈನಿ. ಇದು ನಿಮಗ ತಿಳಿಯಂಗಿಲ್ಲ." ಅಣ್ಣನ ಅಂಗಿ ಎತ್ತಿದ.

ಡಬ್ಬಿಯಿಂದಲೇ ಅವನ ಮುಂಗೈಗೆ ಬಲವಾಗಿ ಬಾರಿಸಿದೆ. ಸೂಜಿ ಹಾರಿ ಸಿಪ್ಪೆಯ ರಾಶಿಯೊಳಗೆ ಬಿತ್ತು. ಅವನು ಕೈ ಹಿಡಿದುಕೊಂಡು ಬಾಯಿಗೆ ಬಂದಂತೆ ಬೈಯತೊಡಗಿದ. ನಾನು ಕೊಡದ ನೀರಿನಲ್ಲಿ ಗಂಡನ ಇನ್ನೊಂದು ಕೈ ತಿಕ್ಕಿ ತೊಳೆದು, ಸೆರಗಿನಲ್ಲಿ ಒರೆಸಿ, ಹೊಸ ಪಟ್ಟಿ ಸಿಕ್ಕಿಸಿ ಚುಚ್ಚಿದೆ. ನಲವತ್ತನಾಲ್ಕು. ಎಪ್ಪತ್ತರ ಕೆಳಗೆ ಬಂದರೇ ಅಪಾಯ; ಸಕ್ಕರೆ ತಲೆಗೆ ಏರಿರಲಿಲ್ಲ, ಸೂಜಿಯಿಂದ ಪಾತಾಳಕ್ಕೆ ಇಳಿದಿತ್ತು. ಇನ್ನೊಂದು ಸೂಜಿ ಹೋಗಿದ್ದರೆ ನನ್ನ ಹಣೆಯ ಕುಂಕುಮ ಅವತ್ತೇ ಅಳಿಯುತ್ತಿತ್ತು.

ಮಶೀನನ್ನು ಸರ್ಜೇರಾವನ ಮೂಗಿಗೆ ಹಿಡಿದೆ. "ಇದನ್ನೂ ಓದ್ರಿ. ಎಲ್ಲಾರಿಗೂ ಕೇಳೂಹಂಗ ಓದ್ರಿ."

ಅಂಕಿ ನೋಡಿ ಅವನು ಹಿಂದೆ ಸರಿದ.

ಆಗಷ್ಟೇ ಆರುತ್ತಿದ್ದ ಬೆಲ್ಲದಿಂದ ಒಂದು ಚೂರು ಮುರಿದು ಗಂಡನ ಬಾಯಿಗೆ ಇಟ್ಟೆ. ಕರಗಿದಂತೆ ಇನ್ನೊಂದು, ಮತ್ತೊಂದು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಕಣ್ಣು ನನ್ನ ಮೇಲೆ ನೆಟ್ಟಿತು, ಗುರುತು ಹಿಡಿಯಿತು. ಆಮೇಲೆ ಅವನ ಮುಖ ಸಿಂಡರಿಸಿತು.

"ಈ ಬೆಲ್ಲ ಯಾವಾಂವ ಇಳಿಸ್ಯಾನ? ಸೀದ ವಾಸನಿ ಹೊಡ್ಯಾಕತ್ತೇತಿ."

ತಾನೂಬಾಯಿ ಕಿಸಕ್ಕೆಂದಳು. ಸರ್ಜೇರಾವನ ಮುಖ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಇನ್ನೊಂದು ಚೂರು ಮುರಿದು ಗಂಡನ ಬಾಯಿಗಿಟ್ಟೆ.

"ಸುಮ್ಮ ತಿನ್ರಿ. ನಿಮ್ಮ ತಮ್ಮನ ಕೈಲಿಂದ ಇವತ್ತ ನಿಮಗ ಸಿಕ್ಕ ಒಳ್ಳೇದು ಇದೊಂದ."