ಸತ್ತ ಮೇಲೆ ಮುಗಿಸಿದ ಕೈ

ಸೋಲಾಪುರದ ಮಿಲ್ಲುಗಳಿಂದ ಹೊರಡುವ ಸೀರೆ-ಧೋತರದ ಗಂಟುಗಳಿಗೆ ಅಂಟಿಸುವ ಚೀಟಿಗಳ ಮೇಲೆ ನವಿಲು, ಆನೆ, ಲಕ್ಷ್ಮಿ ಬರೆದು ಖಂಡಪ್ಪ ಹೊಟ್ಟೆ ಹೊರೆಯುತ್ತಿದ್ದ. ಆದರೆ ಅವನ ಜೀವ ಇದ್ದದ್ದು ಸಿದ್ದಣ್ಣನ ವಾರಪತ್ರಿಕೆಯಲ್ಲಿ. ಅದು ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮರಾಠಿ. ನಡುವೆ ಖಂಡಪ್ಪನ ನಗೆಚಿತ್ರ. ಓದು ಬಾರದವರೂ ಅದಕ್ಕಾಗಿ ಪತ್ರಿಕೆ ಕೊಳ್ಳುತ್ತಿದ್ದರು.

ಮೂವತ್ನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ ಅಕ್ಕಲಕೋಟ ಕಡೆಯ ಹನ್ನೂರಿನಲ್ಲಿ ಹೊಸ ಬಾವಿಯ ಕಲ್ಲುಗೋಡೆ ಒಳಕ್ಕೆ ಕುಸಿಯಿತು. ಕೆಳಗೆ ಕೂಲಿಗೆ ಇಳಿದಿದ್ದ ಕುರಿ ಕಾಯುವ ಕಾಮಣ್ಣ ಸತ್ತ. ಗುತ್ತೇದಾರ ಧೂಳಪ್ಪ ಸುಣ್ಣದ ಬದಲು ಬರೇ ಮಣ್ಣು ಮೆತ್ತಿ ಕಲ್ಲು ಕೂಡಿಸಿದ್ದನೆಂದು ಊರಿಗೆಲ್ಲ ಗೊತ್ತಿತ್ತು. ಬಾಯಿ ಬಿಡುವವರು ಮಾತ್ರ ಇರಲಿಲ್ಲ.

ಪತ್ರಿಕೆಗೆ ಬಂದ ಹೆಸರಿಲ್ಲದ ಕಾಗದದಲ್ಲಿ ಸುದ್ದಿ ಓದಿ ಖಂಡಪ್ಪನಿಗೆ ಮೈಯೆಲ್ಲ ಉರಿಯಿತು. ಊಟ ಬಿಟ್ಟು ಚಿತ್ರ ಬರೆದ. ಬಾವಿಯ ದಂಡೆಯ ಮೇಲೆ ಹೊಟ್ಟೆ ಬಿಟ್ಟುಕೊಂಡು ಕೂತ ಧೂಳಪ್ಪ. ತಳದಲ್ಲಿ ಕಲ್ಲುಗಳ ನಡುವೆ ಸತ್ತ ಕಾಮಣ್ಣ ಎರಡೂ ಕೈ ಮುಗಿದು ಮೇಲೆ ನೋಡುತ್ತ ಹೇಳುತ್ತಾನೆ: "ಧಣ್ಯಾರ, ನೀರ ಇನ್ನಾ ತಳಾ ಮುಟ್ಟಿಲ್ಲರಿ, ನಾನರ ಮುಟ್ಟೀನಿ."

ಚಹಾದಂಗಡಿಗಳಲ್ಲಿ ಜನ ಹೊಟ್ಟೆ ಹಿಡಿದು ನಕ್ಕರು. ಸಿದ್ದಣ್ಣ ಪತ್ರಿಕೆಯನ್ನು ಎರಡನೆಯ ಸಲ ಛಾಪಿಸಬೇಕಾಯಿತು.

ಮುಂದಿನ ವಾರ ಛಾಪಖಾನೆಯ ಬಾಗಿಲಿಗೆ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಅವಳ ಬೆನ್ನ ಹಿಂದೆ, ಹೆಗಲ ಮೇಲೆ ಕಂಬಳಿ ಹೊದ್ದು ಕೈಯಲ್ಲಿ ಕೋಲು ಹಿಡಿದ ಗಂಡಸು. ಅವಳು ಕಾಮಣ್ಣನ ಹೆಂಡತಿ ಸುಗಲಾಬಾಯಿ, ಅವನು ಮೈದುನ ನಿಂಗಣ್ಣ. ಉಣ್ಣೆ ಮಾರಲು ಪೇಟೆಗೆ ಬಂದಿದ್ದ ನಿಂಗಣ್ಣ ಚಹಾದಂಗಡಿಯಲ್ಲಿ ಆ ಚಿತ್ರ ಕಂಡು ಮನೆಗೆ ಒಯ್ದಿದ್ದ.

ಕೋಲು ನೋಡಿ ಸಿದ್ದಣ್ಣ ಎದ್ದೇ ನಿಂತ. "ತಾಯಿ, ತಪ್ಪಾಗೇದ. ಸಾವಿನ ಮನಿ ಮ್ಯಾಲ ನಾವು ನಗಬಾರದಿತ್ತು..."

"ನಗೂದಕ್ಕ ನಾ ಏನೂ ಅಂದಿಲ್ರಿ," ಎಂದಳು ಸುಗಲಾಬಾಯಿ. ಪತ್ರಿಕೆ ಬಿಚ್ಚಿ ತಳದಲ್ಲಿದ್ದ ಮನುಷ್ಯನ ಮೇಲೆ ಬೆರಳಿಟ್ಟಳು. "ಇದನ್ನ ಬರೆದವರು ಯಾರು?"

ಖಂಡಪ್ಪ ಕುಂಚ ಕೆಳಗಿಟ್ಟು ಮುಂದೆ ಬಂದ. "ನಾನರಿ ಅಕ್ಕಾ."

"ನಮ್ಮ ಮನಿಯವರು ಜೀವಂತ ಇದ್ದಾಗ ಧೂಳಪ್ಪಗ ಒಮ್ಮಿನೂ ಕೈ ಮುಗಿದವರಲ್ಲ. ಸತ್ತ ಮ್ಯಾಲ ನೀವು ಮುಗಿಸೀರಿ."

ತಾನು ಬಡವರ ಪರವಾಗಿ ಬರೆದೆನೆಂದು ಎದೆ ಉಬ್ಬಿಸಿ ತಿರುಗುತ್ತಿದ್ದವನು ಖಂಡಪ್ಪ. ಆ ಕಾಮಣ್ಣ ಎಂಥವನಿದ್ದ ಎಂದು ಕೇಳುವ ಯೋಚನೆಯೇ ಅವನಿಗೆ ಬಂದಿರಲಿಲ್ಲ.

"ಕುಂದರ್ರಿ ಅಕ್ಕಾ," ಎಂದ. "ಅವರು ಹ್ಯಾಂಗಿದ್ರು, ನೀವ ಹೇಳ್ರಿ."

ಅವಳು ಕಾಗದದ ರಾಶಿಯ ಮೇಲೆ ಕೂತು ಹೇಳಿದಳು. ಗೋಡೆ ಬೀಳುವ ಹಿಂದಿನ ದಿನ ಕಾಮಣ್ಣ ಕಲ್ಲಿನ ಸಂದಿಯಿಂದ ಒಂದು ಹಿಡಿ ಮಣ್ಣು ಕೆರೆದುಕೊಂಡು ಸೀದಾ ಧೂಳಪ್ಪನ ಮುಂದೆ ಹೋಗಿದ್ದ. ಗುತ್ತೇದಾರ ಆಗ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದ್ದ. "ಸುಣ್ಣ ಹಾಕೀನಿ ಅಂತೀರಲ್ಲಾ? ಹಂಗಾದ್ರ ಇದನ್ನ ರೊಟ್ಟಿಗೆ ಹಚ್ಚಿಕೊಂಡು ತಿನ್ರಿ. ಸುಣ್ಣ ಇದ್ದರ ಬಾಯಿ ಸುಡತದ!" ಎಂದಿದ್ದ ಕಾಮಣ್ಣ. ಕೂಲಿಯವರೆಲ್ಲ ನಕ್ಕಿದ್ದರು.

"ಅಷ್ಟು ಗೊತ್ತಿದ್ದೂ ಮರುದಿನ ಯಾಕ ಇಳಿದ್ರು?" ಸಿದ್ದಣ್ಣ ಕೇಳಿದ.

"ಊರಿಗೆ ನೀರು ಬ್ಯಾಡೇನ್ರಿ?" ಎಂದ ನಿಂಗಣ್ಣ.

ಖಂಡಪ್ಪ ಆಗಲೇ ಹೊಸ ಹಾಳೆ ಎಳೆದುಕೊಂಡಿದ್ದ. ಈ ಸಲ ಕಾಮಣ್ಣ ಬಾವಿಯ ತಳದಲ್ಲಿರಲಿಲ್ಲ, ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದ ಧೂಳಪ್ಪನ ಎದುರಿಗೆ ಟೊಂಕದ ಮೇಲೆ ಕೈಯಿಟ್ಟು ನಿಂತಿದ್ದ.

"ಮೂಗು ಇಷ್ಟು ಉದ್ದ ಇರಲಿಲ್ಲರಿ," ಎಂದಳು ಸುಗಲಾಬಾಯಿ.

"ನಗಿಚಿತ್ರ ಅಂದ್ರ ಮೂಗು ಉದ್ದಾನ ಇರತದ ಅಕ್ಕಾ."

"ಹಂಗಾದ್ರ ಧೂಳಪ್ಪಂದು ಉದ್ದ ಮಾಡ್ರಿ."

ಧೂಳಪ್ಪನ ಮೂಗು ಬೆಳೆಯಿತು. ನಿಂಗಣ್ಣ ಅಣ್ಣನ ಮೀಸೆಯನ್ನು ಮೂರು ಸಲ ತಿದ್ದಿಸಿದ. "ಇನ್ನಾ ಮ್ಯಾಲ, ಇನ್ನಾ ಮ್ಯಾಲ! ನಮ್ಮಣ್ಣ ಮೀಸಿಗೆ ಬೆಣ್ಣಿ ಹಚ್ಚತಿದ್ದ." ಅದಕ್ಕೆ ಸುಗಲಾಬಾಯಿ ನಕ್ಕಳು. ನಗುತ್ತ ನಗುತ್ತಲೇ ಸೆರಗು ಕಣ್ಣಿಗೆ ಹೋಯಿತು. ಖಂಡಪ್ಪ ಕೈ ತಡೆದ.

"ನಿಂದರಬ್ಯಾಡ್ರಿ, ಬರೀರಿ," ಎಂದಳು ಅವಳು ಸೆರಗಿನೊಳಗಿಂದಲೇ.

ಚಿತ್ರದ ಕೆಳಗೆ ಕನ್ನಡದಲ್ಲೂ ಮರಾಠಿಯಲ್ಲೂ ಕಾಮಣ್ಣ ಆಡಿದ ಮಾತೇ ಬಂತು. ಅದು ಪತ್ರಿಕೆಗಿಂತ ಮುಂದೆ ಓಡಿತು. ಅಕ್ಕಲಕೋಟದ ಬಜಾರಿನಲ್ಲಿ ಧೂಳಪ್ಪ ಎಲ್ಲಿ ಉಣ್ಣಲು ಕೂತರೂ ಯಾರಾದರೊಬ್ಬರು ಮರ್ಯಾದೆಯಿಂದ, "ಸಾವಕಾರ್ರ, ಬಾಯಿ ಸುಟ್ಟಿತೇನ್ರಿ?" ಎನ್ನುವರು. ಬೀಗರ ಮನೆಯ ಮದುವೆಯಲ್ಲಿ ಬಡಿಸುವವನೇ ಕೇಳಿಬಿಟ್ಟನಂತೆ. ಧೂಳಪ್ಪ ಸಿದ್ದಣ್ಣನಿಗೆ ಬೆದರಿಕೆ ಹೇಳಿ ಕಳಿಸಿದ. ಆದರೆ ಅವನ ವಶೀಲಿ ನಡೆಯುವುದೇನಿದ್ದರೂ ಅಕ್ಕಲಕೋಟ ಸಂಸ್ಥಾನದಲ್ಲಿ, ಛಾಪಖಾನೆ ಇದ್ದದ್ದು ಇಂಗ್ರೇಜ ಸರಕಾರದ ಹದ್ದಿನಲ್ಲಿ. ಸಿದ್ದಣ್ಣ ಬಂದ ಆಳಿಗೆ ಚಹಾ ಕುಡಿಸಿ, ಪತ್ರಿಕೆಯ ಒಂದು ಪ್ರತಿ ಕೊಟ್ಟು ಕಳಿಸಿದ.

ಜನರ ಈ ಮಾತು ತಾಳಲಾರದೆ ಮಳೆಗಾಲಕ್ಕೆ ಮುಂಚೆಯೇ ಧೂಳಪ್ಪ ಉಳಿದ ಗೋಡೆ ಪೂರ್ತಿ ಬಿಚ್ಚಿಸಿ, ಗಾಡಿಗಟ್ಟಲೆ ಸುಣ್ಣ ತರಿಸಿ, ಹೊಸದಾಗಿ ಕಟ್ಟಿಸಿದ. ನಿಂಗಣ್ಣ ದಿನಾಲು ಅಲ್ಲೇ ಠಿಕಾಣಿ ಹೂಡಿದ್ದ. ಸುಣ್ಣದ ಗಚ್ಚು ಕಲಸಿದಾಗೊಮ್ಮೆ ಬೆರಳ ತುದಿಯಷ್ಟು ನಾಲಿಗೆಗೆ ಮುಟ್ಟಿಸಿ, ಮುಖ ಕಿವುಚಿ, "ಸುಡತದ! ಕಟ್ರಿ!" ಎಂದು ಕೂಗುತ್ತಿದ್ದ.

ಬಾವಿ ಮುಗಿದಾಗ ಸುಗಲಾಬಾಯಿ ಹೇಳಿಕಳಿಸಿದಳು. ಖಂಡಪ್ಪ ಚಿತ್ರಕ್ಕೆ ಕಟ್ಟು ಹಾಕಿಸಿಕೊಂಡು ಹನ್ನೂರಿಗೆ ಹೋದ. ಊರವರು ಅದನ್ನು ಕೈಯಿಂದ ಕೈಗೆ ದಾಟಿಸಿ ನಕ್ಕರು. ಕಾಮಣ್ಣನ ತಾಯಿ ಗುರುಬಾಯಿ ಮಾತ್ರ ಮುಖ ಆಕಡೆ ತಿರುಗಿಸಿದಳು.

"ಎಲ್ಲಾರೂ ಚಲೋ ಅಂತಾರ. ನನಗ ನಗಿ ಬರೂದಿಲ್ಲಪ್ಪ," ಎಂದಳು ಮುದುಕಿ. "ಸೊಸಿ ಬ್ಯಾರೆ, ನಾ ಬ್ಯಾರೆ. ನೀ ಬರೆಯೂಕಿಂತ ಮೊದಲ ಮನಿಗೆ ಬಂದು ಕೇಳಿದ್ದರ, ಬ್ಯಾಡ ಅಂತಿದ್ದೆ."

ಖಂಡಪ್ಪ ಚಿತ್ರವನ್ನು ಬೋರಲು ಇಟ್ಟ. "ಖರೇ ಅದ ಅವ್ವಾ. ಬಂದು ಕೇಳಬೇಕಿತ್ತು."

ಗುರುಬಾಯಿ ಅವನ ಕಡೆ ತಿರುಗಿದಳು. "ಎಷ್ಟು ಬಡಕಲ ಇದ್ದೀಯೋ! ಚಿತ್ರಾ ಬರೆಯೋರು ಉಣ್ಣೂದಿಲ್ಲೇನು? ಏಳು, ಕೈಕಾಲ ತೊಳಕೊ."

ಕಡಲೆಹಿಟ್ಟಿನ ಜುಣಕ, ಶೇಂಗಾ ಚಟ್ನಿ, ಕುರಿಹಾಲಿನ ಮೊಸರು. ಸಾಕು ಎಂದಾಗೊಮ್ಮೆ ಗುರುಬಾಯಿ ಬೈದು ಬಡಿಸಿದಳು. ಉಂಡು ಏಳುವಷ್ಟರಲ್ಲಿ ಸೋಲಾಪುರದ ಗಾಡಿ ಹೋಗಿಯೇ ಬಿಟ್ಟಿತ್ತು.

ಅಂದಿನಿಂದ ಎಲ್ಲಾದರೂ ಅನಾಹುತವಾದರೆ ಪತ್ರಿಕೆಯಲ್ಲಿ ಚಿತ್ರ ಒಂದು ವಾರ ತಡವಾಗಿ ಬರತೊಡಗಿತು. ಕೆಲವೊಮ್ಮೆ ಬರುತ್ತಲೇ ಇರಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ ಸಿದ್ದಣ್ಣ ಗೊಣಗುತ್ತಿದ್ದ: "ಏನ್ ಮಾಡೂದ್ರಿ! ನಮ್ಮ ಚಿತ್ರಗಾರ ಮೊದಲ ಅವರ ಮನಿಗೆ ಹೋಗಿ ಕುಂತು ಬರಬೇಕಂತ. ತಾರೀಖು ತಪ್ಪತಾವ, ಆದ್ರ ಹ್ವಾದ ಮನ್ಯಾಗ ಉಂಡುಂಡು ಅವನ ಮೈ ಮಾತ್ರ ತುಂಬಾಕತ್ತೈತಿ."